ಅಪ್ಪನ ಉತ್ತರ ಬರುವವರೆಗೆ

ಕೊಟ್ಟೂರಿನಲ್ಲಿ ನಮ್ಮಪ್ಪನದೊಂದು ಸಣ್ಣ ಪ್ರೆಸ್ಸಿತ್ತು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮೆಷಿನ್ನು, ಗೋಡೆಯುದ್ದಕ್ಕೂ ಅಚ್ಚಿನ ಮೊಳೆಗಳ ಮರದ ಖಾನೆಗಳು, ಶಾಯಿಯ ಜೊತೆ ಬೆರೆತ ಸೀಮೆಎಣ್ಣೆಯ ವಾಸನೆ. ಅಂಗಡಿಗಳ ಪಾಂಪ್ಲೆಟ್ಟು, ಸಂಘಗಳ ರಸೀದಿ ಪುಸ್ತಕ ಎಲ್ಲವನ್ನೂ ಅಚ್ಚು ಹಾಕುತ್ತಿದ್ದರೂ ಅಪ್ಪನಿಗೆ ಹೆಸರು ತಂದದ್ದು ಲಗ್ನಪತ್ರಿಕೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಊರುಗಳಲ್ಲೂ ಪ್ರೆಸ್ಸುಗಳಿದ್ದವು. ಆದರೂ ಮಂದಿ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದರು. ಅಚ್ಚಿನ ಅಂದ ನೋಡಿ ಬರುತ್ತಿದ್ದರು ಎಂದರೆ ಸುಳ್ಳಾದೀತು. ಅಪ್ಪನ ಅಚ್ಚು ಅಷ್ಟಕ್ಕಷ್ಟೇ. ಗಣಪತಿಯ ಬ್ಲಾಕು ಸವೆದು ಸವೆದು ಸೊಂಡಿಲೇ ಮಾಯವಾಗಿತ್ತು. ಅವರು ಬರುತ್ತಿದ್ದದ್ದು ಅಪ್ಪನ ತಲೆಗಾಗಿ.

ನಮ್ಮ ಕಡೆ ಲಗ್ನಪತ್ರಿಕೆ ಬರೆಯುವುದು ಹುಡುಗಾಟವಲ್ಲ. ಮೇಲ್ತುದಿಗೆ ದೇವರು. ದೇವರ ಕೆಳಗೆ ತೀರಿಕೊಂಡ ಹಿರಿಯರದೊಂದು ಸಾಲು. ಮದುವೆ ನಡೆಯುವುದು ಅವರ ಆಶೀರ್ವಾದದಿಂದ. ನಡುವೆ ವಧೂವರರು. ಕಟ್ಟಕಡೆಗೆ ಬದುಕಿರುವ ಹಿರಿಯರ ಸಾಲು. ಬಂದವರನ್ನು ನಿಂತು ಬರಮಾಡಿಕೊಳ್ಳುವವರು ಅವರು. ಈ ಕೆಳಗಿನ ಸಾಲಿನಲ್ಲಿ ಯಾರ ಹೆಸರು ಯಾರಿಗಿಂತ ಮುಂದೆ ಎಂಬುದು ಒಂಚೂರು ತಪ್ಪಿದರೆ ಸಾಕು, ಅಣ್ಣತಮ್ಮಂದಿರ ಮನೆಗಳ ನಡುವೆ ಮಾತೇ ನಿಂತುಹೋಗುತ್ತದೆ. ಅಪ್ಪನ ಕೈಯಲ್ಲಿ ಅದು ತಪ್ಪುತ್ತಿರಲಿಲ್ಲ.

ಒಂದು ಸಲ ಕಾನಹೊಸಹಳ್ಳಿಯವರೊಬ್ಬರು ಹೆಸರುಗಳ ಯಾದಿ ಹಿಡಿದು ಬಂದಿದ್ದರು. ನಾನಾಗ ಹೈಸ್ಕೂಲು ಓದುತ್ತಿದ್ದೆ. ಅಪ್ಪ ಚೀಟಿಯ ಮೇಲೆ ಒಂದು ಸಲ ಕಣ್ಣಾಡಿಸಿ ಕನ್ನಡಕ ತೆಗೆದ.

"ನಿಮ್ಮ ದೊಡ್ಡಪ್ಪಾರ ಎರಡನೇ ಮಗಳನ್ನ ಉಜ್ಜಿನಿಗಿ ಕೊಟ್ಟಾರಲ್ರಿ, ಆ ಅಳಿಯಾರ ಹೆಸರು ಎಲ್ಲೈತಿ?"

ಬಂದವರು ಹಣೆ ಹಣೆ ಬಡಿದುಕೊಂಡರು. "ಅಯ್ಯೋ ಶಿವನೇ, ಅವ್ರು ಬಿಟ್ಟೇ ಹೋಗ್ಯಾರ ನೋಡ್ರಿ. ಮರ್ಯಾದಿ ಉಳಿಸಿದ್ರಿ ಮಾರಾಯ್ರ!"

ಆ ಕಾನಹೊಸಹಳ್ಳಿಯವರನ್ನು ಅಪ್ಪ ಅದಕ್ಕೆ ಮೊದಲು ನೋಡಿದ್ದು ಒಂದೇ ಸಲ, ಹನ್ನೊಂದು ವರ್ಷದ ಹಿಂದೆ, ಅವರ ಅಕ್ಕನ ಮದುವೆಯ ಪತ್ರಿಕೆಗೆ ಬಂದಾಗ. ಐದು ತಾಲ್ಲೂಕಿನ ಬೀಗತನವನ್ನೆಲ್ಲ ಈ ಮನುಷ್ಯ ಎಲ್ಲಿಟ್ಟುಕೊಂಡಿದ್ದಾನೆ ಎಂದು ನಾನು ಬಾಯಿ ತೆರೆದು ಅವನ ತಲೆಯನ್ನೇ ನೋಡುತ್ತಿದ್ದೆ. ಬೋಳು ತಲೆ, ಕಿವಿಯ ಮೇಲೆ ನಾಲ್ಕು ಕೂದಲು, ಹಣೆಗೆ ವಿಭೂತಿ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಮೊಬೈಲಿನಲ್ಲಿ ಪತ್ರಿಕೆ ಕಳಿಸುವ ಕಾಲ ಬಂದು ಪ್ರೆಸ್ಸು ಮುಚ್ಚಿತು. ಅಪ್ಪ ಅದಕ್ಕೇನೂ ಕಣ್ಣೀರು ಹಾಕಲಿಲ್ಲ. ಯಾಕೆಂದರೆ ಯಾದಿಗಳು ಬರುವುದು ನಿಂತಿರಲಿಲ್ಲ. ಪತ್ರಿಕೆ ಎಲ್ಲೇ ತಯಾರಾಗಲಿ, "ಒಂದು ಸಲ ಯಜಮಾನ್ರ ಕಣ್ಣಿಗೆ ಬೀಳ್ಲಿ" ಎಂದು ಜನ ಮನೆಗೆ ಬರುತ್ತಿದ್ದರು. ನಾನು ಒಬ್ಬಳೇ ಮಗಳು. ಮದುವೆಯಾದ ಮೇಲೂ ಅಪ್ಪ ಅವ್ವ ಇಬ್ಬರೂ ನನ್ನ ಮತ್ತು ನನ್ನ ಗಂಡನ ಜೊತೆಗೇ ಇದ್ದರು. ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂತು ಹೆಸರು ತಿದ್ದುತ್ತಿದ್ದ, ಅವ್ವ ಒಳಗಿನಿಂದಲೇ, "ಅವರ ಸಣ್ಣತ್ತಿ ಹೆಸರು ಹಾಕಿದ್ರೇನು?" ಎಂದು ಕೂಗುತ್ತಿದ್ದಳು. ಈಗ ಯೋಚಿಸಿದರೆ ಆ ಐದು ತಾಲ್ಲೂಕಿನ ಅರ್ಧ ಲೆಕ್ಕ ಅವ್ವನ ತಲೆಯಲ್ಲೇ ಇತ್ತೇನೋ.

ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಅವತ್ತು ಯಾರ್ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂದು ಅಪ್ಪನೇ ಕೂತು ಹೇಳಿದ, ಒಂದು ಮನೆಯೂ ಬಿಡದಂತೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬಂದವರೆಲ್ಲ "ಗಟ್ಟಿ ಮನುಷ್ಯ" ಎಂದು ಹೊಗಳಿ ಹೋದರು. ನಾನೂ ಹಾಗೇ ಅಂದುಕೊಂಡೆ. ಆ ಗಟ್ಟಿತನದ ಬಗ್ಗೆ ಆಗಲೇ ಒಂದಿಷ್ಟು ಅನುಮಾನ ಬರಬೇಕಿತ್ತು.

ಏಳೆಂಟು ತಿಂಗಳಾದ ಮೇಲೆ ಶುರುವಾಯಿತು. ಎರಡು ರೊಟ್ಟಿ ತಿನ್ನುವವನು ಅರ್ಧಕ್ಕೆ ಎದ್ದ. ಪೇಪರು ಬಂದರೆ ಮಡಿಕೆ ಬಿಚ್ಚಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಮಂಚದ ತುದಿಗೆ ಕೂತಿರುತ್ತಿದ್ದ. ಎದ್ದು ಮಾಡುವ ಕೆಲಸವಾದರೂ ಏನಿತ್ತು? ಚಹಾಪುಡಿ ತರಲು ಹೋದವನು ಬರಿಗೈಲಿ ಬಂದು, ಯಾಕೆ ಹೋಗಿದ್ದೆ ಎಂದು ಗೊತ್ತಿಲ್ಲ ಎಂದ. ಇವತ್ತು ಯಾವ ವಾರ ಎಂದರೆ ಗೊತ್ತಿಲ್ಲ. ಊಟಕ್ಕೆ ಏನು ಮಾಡಲಿ ಎಂದರೆ ಗೊತ್ತಿಲ್ಲ. ಕೊನೆಗೆ ಹರಪನಹಳ್ಳಿ ಕಡೆಯವರ ಯಾದಿಯೊಂದರಲ್ಲಿ ಮದುಮಗನ ಸ್ವಂತ ದೊಡ್ಡಪ್ಪನನ್ನೇ ಬಿಟ್ಟುಬಿಟ್ಟ. ಆ ಮನೆಯಲ್ಲಿ ರಂಪಾಟವಾಯಿತು. ಸುದ್ದಿ ಊರೂರಿಗೆ ಹಬ್ಬಿ, ಯಾದಿಗಳು ಬರುವುದೂ ನಿಂತಿತು. "ವಯಸ್ಸಾತಲ್ರಿ, ಅರಳು ಮರಳು" ಎಂದರು ಎಲ್ಲರೂ. ನಾನೂ ಅಂದೆ.

ನನ್ನ ಸ್ವಭಾವವನ್ನೂ ಇಲ್ಲಿ ಹೇಳಿಬಿಡಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನದು ಬಾಯಿ ಮುಂದು, ತಾಳ್ಮೆ ಹಿಂದು. ತರಗತಿಯಲ್ಲಿ ಪ್ರಶ್ನೆ ಕೇಳಿ, ಹುಡುಗಿ ಎದ್ದು ನಿಲ್ಲುವುದರೊಳಗೆ ಉತ್ತರವನ್ನೂ ನಾನೇ ಬೋರ್ಡಿನ ಮೇಲೆ ಬರೆದುಬಿಡುವವಳು. ಅಪ್ಪ ತಡವರಿಸತೊಡಗಿದ ಮೇಲೆ ಅವನ ಪಾಲಿನ ಮಾತೆಲ್ಲವನ್ನೂ ನಾನೇ ಆಡತೊಡಗಿದೆ. ಯಾರಾದರೂ, "ಹ್ಯಾಂಗದೀರಿ ಯಜಮಾನ್ರ?" ಎಂದು ಅವನನ್ನು ಕೇಳಿದರೆ, "ಆರಾಮ ಅದಾರ್ರಿ, ಸ್ವಲ್ಪ ಮರವು" ಎಂದು ನಾನು ಹೇಳುತ್ತಿದ್ದೆ. ಅನ್ನ ಕಲಸಿ ಕೊಡುತ್ತಿದ್ದೆ. ಅಂಗಿಯ ಗುಂಡಿ ಹಾಕುತ್ತಿದ್ದೆ. ಇದನ್ನೆಲ್ಲ ಸೇವೆ ಎಂದುಕೊಂಡಿದ್ದೆ. ಓಣಿಯವರೂ "ಮಗಳಂದ್ರ ಹಿಂಗಿರಬೇಕು" ಎಂದು ಉಬ್ಬಿಸಿದರು.

ಈ ನಡುವೆ ನನ್ನ ಮಗಳಿಗೆ ಹಗರಿಬೊಮ್ಮನಹಳ್ಳಿಯ ಸಂಬಂಧ ಗೊತ್ತಾಯಿತು. ಹೆಸರುಗಳ ಯಾದಿಯನ್ನು ನಾನೇ ಬರೆದು, ಅಚ್ಚಿನ ಅಂಗಡಿಯಿಂದ ಬಂದ ಪತ್ರಿಕೆಯ ಪ್ರೂಫನ್ನು ಅಪ್ಪನ ಕೈಗೆ ಕೊಟ್ಟೆ. ನೋಡಿ ತಿದ್ದುತ್ತಾನೆ ಎಂಬ ಆಸೆಯೇನೂ ಇರಲಿಲ್ಲ. ಮೊಮ್ಮಗಳ ಪತ್ರಿಕೆಯನ್ನು ಅಜ್ಜನಿಗೆ ತೋರಿಸಲಿಲ್ಲ ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೆ. ಅಪ್ಪ ಮೂರು ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡ. ನಾಲ್ಕನೆಯ ದಿನ ತಾನಾಗಿಯೇ ಅಡುಗೆಮನೆಗೆ ಬಂದು ನನ್ನ ಕೈಗಿಟ್ಟ.

ಒಂದೇ ಒಂದು ತಿದ್ದುಪಡಿ ಇತ್ತು. ಕೆಳಗಿನ ಸಾಲಿನ ಮೊದಲ ಹೆಸರು ಅಪ್ಪನದು. ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಅಲ್ಲಿಂದ ಒಂದು ಬಾಣದ ಗುರುತು ಹೊರಟು, ವಧೂವರರನ್ನು ಬಳಸಿಕೊಂಡು ಮೇಲೇರಿ, ತೀರಿಕೊಂಡವರ ಸಾಲಿಗೆ ಬಂದು ನಿಂತಿತ್ತು. ಅಲ್ಲಿ, ಅವ್ವನ ಹೆಸರಿನ ಪಕ್ಕದಲ್ಲಿ, ತನ್ನ ಹೆಸರನ್ನು ಮುದ್ದಾಗಿ ಬರೆದಿದ್ದ.

ನಾನು ಗೊಳ್ಳೆಂದು ನಕ್ಕೆ. "ಅಪ್ಪಾ, ನಿನ್ನ ನೀನೇ ಮ್ಯಾಲ ಕಳಿಸಿಬಿಟ್ಟಿಯಲ್ಲೋ!"

ಅಪ್ಪ ನನ್ನ ಮುಖ ನೋಡಿದ. ಏನೋ ಹೇಳುವವನಂತೆ ತುಟಿ ಅಲುಗಿತು. ನಾನಾಗಲೇ ರಬ್ಬರು ಹುಡುಕಲು ಒಳಗೆ ಹೋಗಿದ್ದೆ. ಉಜ್ಜಿ ಅಳಿಸಿ, ಮೊದಲಿದ್ದಂತೆಯೇ ಅಚ್ಚಿಗೆ ಕಳಿಸಿದೆ. ಆಮೇಲೆ ಇದನ್ನೊಂದು ಕಥೆ ಮಾಡಿಕೊಂಡು ಸ್ಟಾಫ್ ರೂಮಿನಲ್ಲಿ ಹೇಳಿದೆ, ಬೀಗತಿಗೆ ಫೋನಿನಲ್ಲಿ ಹೇಳಿದೆ, ಪಕ್ಕದ ಮನೆಯವಳಿಗೆ ಪಡಸಾಲೆಯಲ್ಲೇ ಕೂತು ಹೇಳಿದೆ. ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದ. ಅವನಿಗೆಲ್ಲಿ ತಿಳಿಯುತ್ತದೆ ಎಂಬ ಧೈರ್ಯ ನನಗೆ. ಇವತ್ತು ಇದನ್ನು ಬರೆಯುವಾಗ ನಾಚಿಕೆಯಿಂದ ಕೈ ತಡೆಯುತ್ತದೆ.

ಆ ಕಥೆಗೆ ನಗದೇ ಇದ್ದವನು ಒಬ್ಬನೇ. ಅಪ್ಪನ ಪ್ರೆಸ್ಸಿನ ಪಕ್ಕದಲ್ಲೇ ಗ್ಯಾರೇಜು ಇಟ್ಟುಕೊಂಡಿದ್ದ ಮುಸ್ಲಿಂ ಮೆಕ್ಯಾನಿಕ್ಕು. ಆ ಟ್ರೆಡಲ್ ಮೆಷಿನ್ನಿಗೆ ಹುಟ್ಟಿದ ಕಾಯಿಲೆಯೆಲ್ಲ ವಾಸಿ ಮಾಡಿದವನು. ಶುಕ್ರವಾರ ನಮಾಜು ಮುಗಿಸಿ ನಮ್ಮ ಮನೆಗೆ ಬಂದು ಅಪ್ಪನ ಜೊತೆ ಒಂದು ಲೋಟ ಚಹಾ ಕುಡಿದು ಹೋಗುವುದು ಅವನ ರೂಢಿ. ಅಪ್ಪ ಮಾತು ಬಿಟ್ಟ ಮೇಲೂ ಅವನು ಬರುವುದು ಬಿಟ್ಟಿರಲಿಲ್ಲ.

"ಅಕ್ಕಾರ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಅವನು ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿದ. "ನಮ್ಮ ಅಮ್ಮಾಗ ಮರವಿನ ಜಡ್ಡು ಬಂದಿತ್ತಲ್ರಿ, ಆರು ವರ್ಸ ನೋಡೀನಿ ನಾನು. ಆಕಿ ಒಂದು ದಿನಾನೂ ಗೊತ್ತಿಲ್ಲ ಅನ್ಲಿಲ್ಲ. ಏನು ಕೇಳಿದ್ರೂ ತಟ್ಟಂತ ಹೇಳಾಕಿ, ಎಲ್ಲಾ ತಪ್ಪು. ಉಂಡು ಕೈ ತೊಳದು, ನನಗ ಉಣ್ಣಾಕ ಹಾಕಿಲ್ಲ ಅಂತ ಜಗಳ ತಗೀತಿದ್ಲು. ಯಜಮಾನ್ರು ಹಂಗಲ್ರಿ. ಇವರು ತಪ್ಪು ಹೇಳಂಗಿಲ್ಲ. ಹೇಳಾಕ ಮನಸಿಲ್ಲದವರಂಗ ಗೊತ್ತಿಲ್ಲ ಅಂತಾರ. ಇದು ಬ್ಯಾರೆ ಏನೋ ಐತಿ. ಡಾಕ್ಟರಿಗಿ ತೋರಸ್ರಿ."

"ಯಾವ ಡಾಕ್ಟರಿಗಿ?"

"ಮನಸಿನ ಡಾಕ್ಟರಿಗಿ."

ನನಗೆ ಸಿಟ್ಟು ಬಂತು. ಮದುವೆ ಹತ್ತಿರ ಬಂದಿದೆ, ಈಗ ಹುಚ್ಚಿನ ದವಾಖಾನೆಯ ಮೆಟ್ಟಿಲು ಹತ್ತಿದರೆ ಬೀಗರು ಏನಂದಾರು? ಓದಿದವಳು ನಾನು, ಹೀಗೆ ಯೋಚಿಸಿದೆ. ಅವನು ಹೆಚ್ಚು ವಾದಿಸಲಿಲ್ಲ. ಮರುವಾರ ರಿಪೇರಿಗೆ ಬಂದ ಯಾರದೋ ಕಾರನ್ನು ಅದರ ಮಾಲೀಕರಿಗೆ ಹೇಳಿ ತೆಗೆದುಕೊಂಡು ಬಾಗಿಲಿಗೆ ತಂದು ನಿಲ್ಲಿಸಿದ. ಇನ್ನು ಹತ್ತದೇ ವಿಧಿಯಿರಲಿಲ್ಲ.

ಹರಪನಹಳ್ಳಿಯ ಒಂದು ದವಾಖಾನೆಗೆ ವಾರಕ್ಕೊಂದು ದಿನ ಬರುವ ಡಾಕ್ಟರು ಆಕೆ. ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಅಪ್ಪನನ್ನು ಎದುರು ಕೂರಿಸಿಕೊಂಡು, "ಅಜ್ಜಾರೆ, ಇದು ಯಾವ ತಿಂಗಳು?" ಎಂದು ಕೇಳಿದಳು. ನಾನು ಹೇಳಿದೆ. "ಯಾವ ಊರಿಂದ ಬಂದ್ರಿ?" ನಾನು ಹೇಳಿದೆ. "ನಿಮಗೆಷ್ಟು ಜನ ಮಕ್ಕಳು?" ಅದನ್ನೂ ನಾನೇ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟಳು. "ಮೇಡಂ, ಪರೀಕ್ಷೆ ಅವರಿಗೆ ಇಟ್ಟೀನಿ. ನೀವು ಪಾಸಾದ್ರೆ ನನಗೇನೂ ತಿಳಿಯಲ್ಲ."

ಬಾಗಿಲ ಬಳಿ ನಿಂತಿದ್ದ ಮೆಕ್ಯಾನಿಕ್ಕು ಮುಖ ತಿರುಗಿಸಿಕೊಂಡ. ನಕ್ಕನೆಂದು ನನಗೆ ಗೊತ್ತು. ಇಪ್ಪತ್ತಾರು ವರ್ಷ ಕಲಿಸಿದವಳಿಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಬಾಯಿ ಮುಚ್ಚಿ ಕೂತೆ. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಅಪ್ಪ ಕಾಗದ ಮುಟ್ಟಲಿಲ್ಲ. ನೂರರಿಂದ ಏಳು ಕಳೆಯಿರಿ ಎಂದರೆ ಗೊತ್ತಿಲ್ಲ. ಸಾಲು ಸಾಲು ಗೊತ್ತಿಲ್ಲ. ನೋಡಿದಿರಾ ಎನ್ನುವಂತೆ ನಾನು ಡಾಕ್ಟರ ಮುಖ ನೋಡಿದೆ. ಇಷ್ಟು ಸಾಲದು ಎಂದು ಪತ್ರಿಕೆಯ ಕಥೆಯನ್ನೂ ಹೇಳಿದೆ. ನಗುತ್ತಲೇ ಹೇಳಿದೆ.

ಆಕೆ ನಗಲಿಲ್ಲ. ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡಳು. "ಅಜ್ಜಾರೆ, ನಿಮ್ಮ ಹೆಸರು ಮೇಲಿನ ಸಾಲಿಗೆ ಯಾಕೆ ಹಾಕಿದ್ರಿ?"

ನಾನು ಬಾಯಿ ತೆಗೆದೆ. ಆಕೆ ನನ್ನ ಕಡೆ ತಿರುಗದೆಯೇ ಅಂಗೈ ಎತ್ತಿ ತಡೆದಳು. ಫ್ಯಾನು ತಿರುಗುವ ಸದ್ದು, ಹೊರಗೆ ಯಾವುದೋ ಕೂಸು ಅಳುವ ಸದ್ದು. ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಪಿರಿಯಡ್ಡು ಕಳೆದಂತಾಯಿತು.

"ತಪ್ಪಿ ಹಾಕಿಲ್ಲವ್ವಾ" ಎಂದ ಅಪ್ಪ. "ನೋಡೇ ಹಾಕೀನಿ. ಅದು ನನ್ನ ಜಾಗ. ಆಕಿ ಪಕ್ಕದಾಗ."

"ಸಾಯಬೇಕು ಅನ್ನಿಸ್ತತೇನ್ರಿ?"

ಮತ್ತೆ ಅಷ್ಟೇ ಹೊತ್ತು. "ಸಾಯೋದೇನೈತಿ. ನಾ ಆಗ್ಲೇ ಹೋಗೀನಿ. ಮಂದಿಗಿ ಗೊತ್ತಾಗಿಲ್ಲ ಅಷ್ಟ."

ವರ್ಷದಲ್ಲಿ ನಾನು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಐದು ತಾಲ್ಲೂಕಿನ ಹಿರಿಯರನ್ನು ಅವರವರ ಜಾಗದಲ್ಲಿ ಕೂರಿಸಿದ ಮನುಷ್ಯ ತನ್ನನ್ನೂ ಅಷ್ಟೇ ಎಚ್ಚರದಿಂದ, ಮೂರು ದಿನ ಯೋಚಿಸಿ, ಒಂದು ಜಾಗದಲ್ಲಿ ಕೂರಿಸಿದ್ದ. ನಾನು ಅದನ್ನು ರಬ್ಬರಿನಿಂದ ಉಜ್ಜಿದ್ದೆ. ಅಲ್ಲೇ ಅತ್ತುಬಿಟ್ಟೆ.

ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದಳು. ವಯಸ್ಸಾದವರಲ್ಲಿ ಖಿನ್ನತೆ ಬಂದರೆ ಅಳು, ದುಃಖ ಎಂದು ಹೊರಗೆ ಕಾಣಲೇಬೇಕೆಂದಿಲ್ಲ. ಊಟ ಹೋಗುತ್ತದೆ, ನಿದ್ದೆ ಹೋಗುತ್ತದೆ, ಅವುಗಳ ಹಿಂದೆಯೇ ಗಮನವೂ ನೆನಪೂ ಹೋದಂತಾಗುತ್ತದೆ. ನೋಡುವವರಿಗೆ ಅದು ಮರೆವಿನ ಕಾಯಿಲೆಯಂತೆಯೇ ಕಾಣುತ್ತದೆ. ಎರಡೂ ಜೊತೆಗೇ ಇರುವುದೂ ಉಂಟು, ಅದನ್ನು ಈಗಲೇ ಖಚಿತವಾಗಿ ಹೇಳಲಾರೆ ಎಂದಳು. ರಕ್ತಪರೀಕ್ಷೆಗೆ ಬರೆದಳು. ಮಾತ್ರೆ ಕೊಟ್ಟು, ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ ಎಂದಳು. ಬಾಗಿಲವರೆಗೂ ಬಂದು ನನಗೊಂದು ಬೇರೆ ಔಷಧಿ ಹೇಳಿದಳು.

"ಅವರ ಉತ್ತರ ನೀವು ಹೇಳಬ್ಯಾಡ್ರಿ. ಏನಾದ್ರೂ ಕೇಳಿದ ಮೇಲೆ ಮನಸ್ಸಿನಾಗೇ ಇಪ್ಪತ್ತರ ತನಕ ಎಣಿಸ್ರಿ. ಅವರ ಕೈಯಿಂದ ಕೆಲಸ ಕಸಗೋಬ್ಯಾಡ್ರಿ."

ಇಪ್ಪತ್ತರ ತನಕ! ಗಣಿತದವಳಿಗೆ ಎಣಿಸಲು ಬರುವುದಿಲ್ಲವೇ? ಬರುವುದಿಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. "ಚಹಾಕ್ಕ ಸಕ್ಕರಿ ಹಾಕ್ಲೇನಪ್ಪಾ?" ಎಂದು ಕೇಳಿ ಆರಕ್ಕೆ ಬರುವಷ್ಟರಲ್ಲಿ ನನ್ನ ನಾಲಿಗೆ ತುರಿಸತೊಡಗುತ್ತಿತ್ತು. ಒಂಬತ್ತಕ್ಕೆ ಸೆರಗು ಕಚ್ಚಿಕೊಳ್ಳುತ್ತಿದ್ದೆ. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಅಪ್ಪ, "ಹೂಂ" ಎನ್ನುತ್ತಿದ್ದ. ಒಂದು ಹೂಂಗಾಗಿ ಇಷ್ಟು ದೂರ ನಡೆಯಬೇಕೇ ಎಂದು ರೇಗಿದ್ದೂ ಉಂಟು. ಅನ್ನ ಕಲಸಿಕೊಡುವುದು ಬಿಟ್ಟೆ. ಅವನು ಗುಂಡಿ ಹಾಕಿಕೊಳ್ಳುವಾಗ ನಾನು ಕಣ್ಣು ಬೇರೆ ಕಡೆ ಇಟ್ಟೆ. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ನಮ್ಮ ಮನೆಯವರು ತಮ್ಮ ಅಂಗಡಿ ಬಿಟ್ಟು ಬಂದು ಮಾವನ ಜೊತೆ ಕೂರುತ್ತಿದ್ದರು. ಎರಡು ವಾರ ಕಳೆದರೂ ಏನೂ ಆಗಲಿಲ್ಲ. ಮೂರನೆಯ ವಾರ ಒಂದು ಬೆಳಿಗ್ಗೆ ಉಪ್ಪಿಟ್ಟು ಬಾಯಿಗಿಟ್ಟುಕೊಂಡವನು, "ಉಪ್ಪು ಕಡಿಮಿ ಐತಿ" ಎಂದ. ನಾನು ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡೆ. ನನ್ನ ಅಡುಗೆಗೆ ಯಾರಾದರೂ ಹೆಸರಿಟ್ಟದ್ದಕ್ಕೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಮದುವೆಯ ದಿನ ಅಪ್ಪನನ್ನು ಕಲ್ಯಾಣಮಂಟಪದ ಬಾಗಿಲಿನ ಹತ್ತಿರ, ಬರುವವರೆಲ್ಲ ಕಾಣುವಂತೆ ಒಂದು ಕುರ್ಚಿಯಲ್ಲಿ ಕೂರಿಸಿದ್ದೆ. ಮಾತಾಡಿಸಿದವರಿಗೆ ಕೈ ಮುಗಿಯುತ್ತಿದ್ದ, ಅಷ್ಟೇ. ಮುಹೂರ್ತದ ಅಕ್ಕಿಕಾಳು ಬೀಳಲು ಇನ್ನೂ ಎರಡು ತಾಸಿತ್ತು. ನಾನು ರೇಷ್ಮೆಸೀರೆಯ ನಿರಿಗೆ ಎತ್ತಿಕೊಂಡು ಓಡಾಡುತ್ತಿದ್ದವಳು ಅವನ ಮುಂದೆ ಹಾಯ್ದಾಗ ಸೆರಗು ಹಿಡಿದು ನಿಲ್ಲಿಸಿದ.

"ಬಾಗಳಿ ಮಂದಿ ಕಾಣವಲ್ರು."

"ಬಂದಿರ್ತಾರ ಬಿಡಪ್ಪಾ, ಇಲ್ಲೇ ಎಲ್ಲ್ಯಾರ ಕುಂತಿರ್ತಾರ" ಎಂದು ಹೊರಟವಳು ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟೆ. ಬಾಗಳಿಯಲ್ಲಿ ಅವ್ವನ ಸೋದರತ್ತೆಯ ಮನೆಯಿದೆ. ಅವ್ವ ತಾಯಿಯಿಲ್ಲದೆ ಬೆಳೆದವಳು. ಅವಳನ್ನು ಸಾಕಿ, ಧಾರೆ ಎರೆದು ಕೊಟ್ಟವರು ಆ ಮನೆಯವರು. ನಮ್ಮಲ್ಲಿ ಯಾವ ಶುಭಕಾರ್ಯವಾದರೂ ಮೊದಲ ಪತ್ರಿಕೆ ಅಲ್ಲಿಗೆ. ಯಾದಿ ಮಾಡಿದವಳು ನಾನು, ಮೊಬೈಲಿನಲ್ಲಿದ್ದ ನಂಬರುಗಳನ್ನು ನೋಡುತ್ತ ಮಾಡಿದ್ದೆ. ಅವರ ನಂಬರು ನನ್ನಲ್ಲಿರಲಿಲ್ಲ. ಅವ್ವನ ಫೋನಿನಲ್ಲಿತ್ತು. ನಾಲ್ಕು ನೂರು ಮನೆ ಕರೆದಿದ್ದೆ, ಆ ಮನೆಯನ್ನು ಮರೆತಿದ್ದೆ.

ತಿರುಗಿ ಬಂದು ಅಪ್ಪನ ಮುಂದೆ ಕೂತೆ. "ಅಪ್ಪಾ, ನಾನು ಅವರಿಗಿ ಹೇಳೇ ಇಲ್ಲ."

ಈ ಸಲ ಇಪ್ಪತ್ತು ಬೇಕಾಗಲಿಲ್ಲ. "ಗುಡಿ ಹಿಂದಿನ ಓಣಿ. ಮೂರನೇ ಮನಿ. ಹಿರಿಯಾಗ ಕಿವಿ ಕೇಳಂಗಿಲ್ಲ, ಸಣ್ಣ ಸೊಸಿ ಮುಂದ ಹೇಳಬೇಕು" ಎಂದ. ಆಮೇಲೆ, ಬಾಗಿಲಲ್ಲಿ ಬಂದವರಿಗೆ ನೀರು ಕೊಡಿಸುತ್ತಿದ್ದ ಮೆಕ್ಯಾನಿಕ್ಕನ ಕಡೆ ಕೈ ಮಾಡಿ, "ತಮ್ಮಾ, ಗಾಡಿ ತೆಗಿ" ಎಂದ.

ನಮ್ಮ ಮನೆಯವರು, ಮೆಕ್ಯಾನಿಕ್ಕು, ಒಂದು ಹಿಡಿ ಅಕ್ಷತೆ. ಗಾಡಿ ಹೋದ ರೀತಿಯನ್ನು ಪೊಲೀಸರು ನೋಡದಿದ್ದದ್ದು ಪುಣ್ಯ. ನಾನು ಮಂಟಪದಲ್ಲಿ ಕೂತೂ ಕೂರದವಳಂತೆ ಬಾಗಿಲ ಕಡೆಗೇ ನೋಡುತ್ತಿದ್ದೆ. ಅಕ್ಷತೆ ಬೀಳುವ ಹೊತ್ತಿಗೆ ಬಾಗಳಿಯ ಮುದುಕರು, ಇಸ್ತ್ರಿಯಿಲ್ಲದ ಬಿಳಿ ಅಂಗಿಯಲ್ಲಿ, ಸೊಸೆಯ ಕೈ ಹಿಡಿದು ಒಳಗೆ ಬಂದರು. ಮೊದಲು ನನ್ನನ್ನು ನಾಲ್ಕು ಮಾತು ಬೈದರು. ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಕುರ್ಚಿಯಿಂದ ತಾನೇ ಎದ್ದು ನಿಂತು ಅವರ ಕೈ ಹಿಡಿದುಕೊಂಡ.

"ಬರ್ರಿ. ನಿಮ್ಮನ್ನೇ ಕಾಯಾಕತ್ತಿದ್ದೆ."

ಜನ ಅಕ್ಷತೆ ಹಾಕುತ್ತಿದ್ದರು. ನಾನು ವಧೂವರರನ್ನು ನೋಡಬೇಕಾದವಳು ಅಪ್ಪನ ತಲೆಯನ್ನು ನೋಡುತ್ತಿದ್ದೆ. ಇವತ್ತು ಯಾವ ವಾರ ಎಂದರೆ ಗೊತ್ತಿಲ್ಲ ಎನ್ನುತ್ತಿದ್ದ ಆ ತಲೆಯೊಳಗೆ ಗುಡಿಯ ಹಿಂದಿನ ಓಣಿ ಇತ್ತು, ಮೂರನೇ ಮನೆ ಇತ್ತು, ಸಣ್ಣ ಸೊಸೆ ಇದ್ದಳು. ಒಂದೂವರೆ ವರ್ಷ ನಾವೆಲ್ಲ ಖಾಲಿಯಾಯಿತು ಎಂದು ಬೀಗ ಹಾಕಿದ ಕೋಣೆಯಲ್ಲಿ ಸಾಮಾನೆಲ್ಲ ಇದ್ದಲ್ಲೇ ಇತ್ತು. ದೇವರ ಗುಡಿಯಲ್ಲೂ ನನಗೆ ಅಂಥ ಭಯಭಕ್ತಿ ಬಂದದ್ದಿಲ್ಲ.

ಆಮೇಲಿನದು ನಿಧಾನ. ಒಂದು ವಾರ ಚೆನ್ನಾಗಿದ್ದರೆ ಇನ್ನೊಂದು ವಾರ ಮತ್ತೆ ಮಂಚದ ತುದಿ. ಆದರೆ ಪೇಪರಿನ ಮಡಿಕೆ ಬಿಚ್ಚಿತು. ಎರಡನೆಯ ರೊಟ್ಟಿ ತಟ್ಟೆಗೆ ಬಂತು. ಒಂದು ಮಧ್ಯಾಹ್ನ ಅವ್ವನ ಟ್ರಂಕು ತೆಗೆಸಿ, ಅವಳ ಸೀರೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪ ಹೋ ಎಂದು ಅತ್ತ. ಎರಡು ವರ್ಷ ತಡವಾಗಿ ಬಂದ ಆ ಅಳುವನ್ನು ನಾನು ತಡೆಯಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತೆ. ಬಾಗಳಿಯ ಸುದ್ದಿ ಊರೂರು ಮುಟ್ಟಿತ್ತಲ್ಲ, ಹಡಗಲಿಯವರೊಬ್ಬರು ಯಾದಿ ಹಿಡಿದು ಬಂದರು. ಅಪ್ಪ ಅದನ್ನು ಒಂದು ದಿನ ಇಟ್ಟುಕೊಂಡು ನೋಡಿ, ಎರಡು ಹೆಸರು ಸೇರಿಸಿದ. ಮೊದಲಿನ ಚುರುಕು ಪೂರ್ತಿ ಬಂದಿಲ್ಲ. ಒಂದೊಂದು ಹೆಸರಿಗೆ ಈಗಲೂ ತಡಕಾಡುತ್ತಾನೆ. ಆ ತಡಕಾಟದಲ್ಲಿ ವಯಸ್ಸಿನದೆಷ್ಟು, ಕಾಯಿಲೆಯದೆಷ್ಟು ಎಂದು ಡಾಕ್ಟರೂ ಹೇಳಿಲ್ಲ. ನೋಡುತ್ತಿರೋಣ ಎಂದಿದ್ದಾಳೆ.

ಮೊನ್ನೆ ಅದೇ ದವಾಖಾನೆಗೆ ಮತ್ತೆ ಹೋಗಿದ್ದೆವು, ನಾವಿಬ್ಬರೇ, ಬಸ್ಸಿನಲ್ಲಿ. ಡಾಕ್ಟರು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದು, ಬೇರೆ ಮಾತು ಆಡಿ, ಮತ್ತೆ ಕೇಳಿದಳು. ಅಪ್ಪ ಮೂರನ್ನೂ ಹೇಳಿದ. ನನಗೆ ಎರಡೇ ನೆನಪಿದ್ದವು. ನನ್ನನ್ನು ಯಾರೂ ಕೇಳಲಿಲ್ಲ, ಬಚಾವಾದೆ. ಹೊರಗೆ ಬಂದು ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ತಿಂಗಳುಗಳಿಂದ ಗಂಟಲಲ್ಲೇ ಇದ್ದದ್ದನ್ನು ಕೇಳಿಬಿಟ್ಟೆ.

"ಅಪ್ಪಾ, ಆ ದಿನಗಳು ನಿನಗ ನೆನಪದಾವೇನು? ನಾವು ಮಾತಾಡಿದ್ದು ತಿಳೀತಿತ್ತೇನು?"

ಎಣಿಸಿದೆ. ಹದಿನಾಲ್ಕಕ್ಕೆ ಉತ್ತರ ಬಂತು.

"ಎಲ್ಲಾ ಕೇಳಿಸ್ತಿತ್ತವ್ವ. ನೀ ನಕ್ಕಿದ್ದು ಕೇಳಿಸ್ತು, ಪಕ್ಕದ ಮನಿಯಾಕಿ ಮುಂದ ಹೇಳಿದ್ದೂ ಕೇಳಿಸ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಮನೆಯ ವಿಳಾಸ ಹೇಳುವಷ್ಟು ಸಮಾಧಾನವಿತ್ತು. "ಉತ್ತರಾನೂ ಬರ್ತಿತ್ತು. ಭಾಳ ದೂರದಿಂದ ನಡಕೊಂತ ಬರ್ತಿತ್ತು. ಅದು ಬಾಯಿಗಿ ಬಂದು ಮುಟ್ಟೋದ್ರಾಗ ನೀ ಹೇಳಿಬಿಡ್ತಿದ್ದಿ. ಹಂಗಾರ ನಾ ಯಾಕ ಹೇಳ್ಬೇಕು ಅಂತ ಸುಮ್ನಾದೆ."

ಕಾಲು ಹಿಡಿಯಬೇಕೆನ್ನಿಸಿತು. ಬಸ್ ಸ್ಟ್ಯಾಂಡಿನಲ್ಲಿ ಮಂದಿ ಇದ್ದರು. ಅವನ ಕೈ ಹಿಡಿದುಕೊಂಡೆ. ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳುವ ಧೈರ್ಯ ಡಾಕ್ಟರಿಗೆ ಇತ್ತು, ನನಗೆ ಅವತ್ತಿನ ತನಕ ಇರಲಿಲ್ಲ.

"ಅಪ್ಪಾ, ಈಗೂ ಅವ್ವನ ಹತ್ರ ಹೋಗ್ಬೇಕು ಅನ್ನಿಸ್ತೈತೇನು?"

ಇಪ್ಪತ್ತಾಯಿತು. ಅಪ್ಪ ಎದುರಿನ ಬಸ್ಸಿನ ಬೋರ್ಡು ನೋಡುತ್ತಿದ್ದ. ಮೂವತ್ತಾಯಿತು. ಹೂವಿನಾಕೆ ನಮ್ಮ ಮುಂದೆ ಬಂದು ನಿಂತು, ನನ್ನ ಮುಖ ನೋಡಿ ಮುಂದೆ ಹೋದಳು. ನಲವತ್ತು ದಾಟಿದ ಮೇಲೆ ನಾನು ಲೆಕ್ಕ ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಈ ಒಂದು ಉತ್ತರಕ್ಕೆ ಸಾಯಂಕಾಲದ ತನಕ ಬೇಕಾದರೂ ಕೂರುತ್ತಿದ್ದೆ.

"ಇವತ್ತಿಲ್ಲ" ಎಂದ ಅಪ್ಪ. ಕೈ ಬಿಡಿಸಿಕೊಂಡು, ಬೆಂಚಿಗೆ ಊರಿ, ತಾನೇ ಎದ್ದು ನಿಂತ. "ಹಸಿವ್ಯಾಗೈತಿ. ಏಳು, ಮಂಡಕ್ಕಿ ಮಿರ್ಚಿ ತಿನ್ನೋಣು."